ಮಗುವಿಗೆ ‘ದೀರ್ಘಾಯು’ ಎಂದು ಹೆಸರಿಡುವ ನಾಡಿನಲ್ಲಿ

ಡಿಸೆಂಬರ್ ಬಂತೆಂದರೆ ಫುಟ್‌ಪಾತಿನ ಉದ್ದಕ್ಕೂ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವಲ್ಲ, ನೀವೂ ಒಂದಲ್ಲ ಒಂದು ಸಲ ಅಲ್ಲಿ ನಿಂತು ಚೌಕಾಸಿ ಮಾಡಿರುತ್ತೀರಿ. ಕಳೆದ ಚಳಿಗಾಲದಲ್ಲಿ ನಾನೂ ಹೋಗಿದ್ದೆ. ನನ್ನ ನಾದಿನಿಗೆ ದಿನ ತುಂಬಿತ್ತು. ಹುಟ್ಟುವ ಮಗುವಿಗೊಂದು ಉಲ್ಲನ್ ಟೋಪಿ ಬೇಕಿತ್ತು. ಟೋಪಿ ಆರಿಸುತ್ತಿರುವಾಗ ಪಕ್ಕದ ಅಂಗಡಿಯಿಂದ ಯಾರೋ ‘ತ್ಸೆರಿಂಗ್’ ಎಂದು ಕೂಗಿದರು. ಒಟ್ಟಿಗೆ ಮೂರು ತಲೆ ಹಿಂತಿರುಗಿದವು! ನನಗೆ ನಗು ಬಂತು. ಅಂಗಡಿಯಲ್ಲಿ ಕುಳಿತಿದ್ದ ಅಜ್ಜಿಯನ್ನು ಕೇಳಿದೆ, ‘ಏನಜ್ಜಿ, ಎಲ್ಲರಿಗೂ ಅದೇ ಹೆಸರೇ?’

‘ಹೂಂನಮ್ಮ, ತ್ಸೆರಿಂಗ್ ಅಂದ್ರೆ ದೀರ್ಘಾಯು. ಹಿಂದೆ ನಮ್ಮಲ್ಲಿ ಮಕ್ಕಳು ಉಳೀತಿರಲಿಲ್ಲ, ಅದಕ್ಕೇ’ ಎಂದರು. ಬೈಲಕುಪ್ಪೆಯವರಂತೆ. ಎಪ್ಪತ್ತು ದಾಟಿದೆ. ಚಿಕ್ಕವರಿದ್ದಾಗ ಅಪ್ಪನ ಬೆನ್ನ ಮೇಲೆ ಕೂತು ಹಿಮದ ಕಣಿವೆ ದಾಟಿ ಬಂದವರು. ಅವರ ತಾಯಿ ಏಳು ಹೆತ್ತಿದ್ದರಂತೆ, ಉಳಿದದ್ದು ಮೂರು. ‘ಎಲ್ಲಾ ಕುರಿದೊಡ್ಡೀಲೇ ಹುಟ್ಟಿದ್ದು’ ಎಂದು ಟೋಪಿಯ ದಾರ ಕತ್ತರಿಸುತ್ತಾ ಹೇಳಿಬಿಟ್ಟರು, ನಾವು ‘ಎಲ್ಲಾ ತವರುಮನೇಲೇ ಹುಟ್ಟಿದ್ದು’ ಅನ್ನುವಷ್ಟೇ ಸಲೀಸಾಗಿ.

ಮನೆಗೆ ಬಂದಮೇಲೂ ಆ ಕುರಿದೊಡ್ಡಿ ನನ್ನ ತಲೆಯಿಂದ ಇಳಿಯಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಗೊತ್ತಿದ್ದ ಡಾಕ್ಟರಮ್ಮನ ತಲೆ ತಿಂದೆ. ತಿಳಿದದ್ದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅನ್ನಿಸಿತು. ನಿಮ್ಮ ಮನೆಯಲ್ಲೂ ಒಬ್ಬ ಬಸುರಿ, ಒಬ್ಬ ಬಾಣಂತಿ ಇದ್ದೇ ಇರುತ್ತಾರಲ್ಲ.

ಮೊದಲು ಹೆಸರಿನ ಕತೆಯನ್ನೇ ಮುಗಿಸಿಬಿಡುತ್ತೇನೆ. ಒಂದೆರಡು ಮಕ್ಕಳು ತೀರಿಹೋದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಟಿಬೆಟಿಯನ್ನರು ಅದಕ್ಕೆ ‘ಕೀಕ್ಯಾಕ್’ ಎಂದೂ ಹೆಸರಿಡುತ್ತಿದ್ದರು. ಅರ್ಥ ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. ನಾಯಿಯ ಹೇಲು! ಇಷ್ಟು ಹೊಲಸು ಹೆಸರಿನ ಕೂಸು ಯಾವ ಪಿಶಾಚಿಗೂ ಬೇಡವಾಗಲಿ ಎಂಬ ಲೆಕ್ಕಾಚಾರ. ನಗಬೇಡಿ. ನಮ್ಮ ತಿಪ್ಪಯ್ಯ, ತಿಪ್ಪಕ್ಕ, ಗುಂಡ, ಕಲ್ಲವ್ವ ಎಲ್ಲಿಂದ ಬಂದರು? ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ‘ಇದು ತಿಪ್ಪೆಯಲ್ಲಿ ಸಿಕ್ಕಿದ್ದು’ ಎಂದು ಸಾವಿಗೆ ಮೋಸ ಮಾಡಿದ ಅಜ್ಜಿಯರು ನಮ್ಮಲ್ಲೂ ಇದ್ದರಲ್ಲ. ಹೊಟ್ಟೆಯ ಸಂಕಟಕ್ಕೆ ಹಿಮಾಲಯದ ಆಚೆ ಒಂದು, ಈಚೆ ಒಂದು ಅಂತಿಲ್ಲ.

ಎತ್ತರವೇ ಶತ್ರುವೇ?

ನನಗೆ ಮೊದಲು ಅನ್ನಿಸಿದ್ದು, ಅಷ್ಟು ಎತ್ತರದಲ್ಲಿ ಗಾಳಿಯೇ ತೆಳು, ಮಕ್ಕಳು ಉಳಿಯುವುದಾದರೂ ಹೇಗೆ ಎಂದು. ನಿಮಗೂ ಹಾಗೇ ಅನ್ನಿಸಬಹುದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಟಿಬೆಟ್‌ನ ಲ್ಹಾಸಾ ಪಟ್ಟಣವೇ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಚಮರಿಮೃಗ ಮೇಯಿಸುವವರು ಅದಕ್ಕಿಂತಲೂ ಮೇಲೆ, 4,500 ಮೀಟರಿನ ಬಯಲಿನಲ್ಲಿ ಬದುಕುತ್ತಾರೆ. ಲ್ಹಾಸಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡು ಪಾಲಿಗಿಂತಲೂ ಕೊಂಚ ಕಡಿಮೆ. ಸಾವಿರ ಮೀಟರ್ ಮೇಲೇರಿದರೆ ಹುಟ್ಟುವ ಮಗುವಿನ ತೂಕ ಸರಾಸರಿ 100 ಗ್ರಾಂನಷ್ಟು ಇಳಿಯುತ್ತದೆ ಎಂದು ವೈದ್ಯರ ಲೆಕ್ಕ.

ಆದರೆ ಟಿಬೆಟ್‌ನ ಹೆಂಗಸರು ಈ ಲೆಕ್ಕವನ್ನೇ ತಲೆಕೆಳಗು ಮಾಡಿದ್ದಾರೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲ್ಹಾಸಾದಲ್ಲೇ ಹುಟ್ಟಿದ ಟಿಬೆಟಿಯನ್ ಶಿಶುಗಳನ್ನೂ, ಕೆಳಗಿನ ಬಯಲುಸೀಮೆಯಿಂದ ಬಂದು ನೆಲೆಸಿದ ಹಾನ್ ಚೀನೀಯರ ಶಿಶುಗಳನ್ನೂ ಹೋಲಿಸಿ ನೋಡಿದರು. ಅದೇ ಊರು, ಅದೇ ಗಾಳಿ. ಆದರೂ ಟಿಬೆಟಿಯನ್ ಕೂಸುಗಳ ರಕ್ತದಲ್ಲಿ ಆಮ್ಲಜನಕ ಹೆಚ್ಚಿತ್ತು, ತೂಕವೂ ಹೆಚ್ಚಿತ್ತು. ಬಸುರಿನಲ್ಲಿ ಗರ್ಭಕೋಶಕ್ಕೆ ಹರಿಯುವ ರಕ್ತವೂ ಟಿಬೆಟಿಯನ್ ತಾಯಂದಿರಲ್ಲಿ ಧಾರಾಳ. ನಾವು ಬೆಟ್ಟಕ್ಕೆ ಹೋಗಿ ನೆಲೆಸಿದರೆ ನಮ್ಮ ರಕ್ತ ಮಂದವಾಗುತ್ತದೆ, ಅವರದು ಹಾಗಾಗುವುದಿಲ್ಲ. ಇದಕ್ಕೆ ಕಾರಣವಾದ ಇಪಿಎಎಸ್1 ಎಂಬ ವಂಶವಾಹಿ 2010ರಲ್ಲಿ ಬೆಳಕಿಗೆ ಬಂತು. ಅದು ಡೆನಿಸೋವನ್ ಎಂಬ, ಈಗ ಅಳಿದುಹೋದ ಆದಿಮಾನವರಿಂದ ಬಳುವಳಿಯಾಗಿ ಬಂದದ್ದು ಎಂದು 2014ರಲ್ಲಿ ತಿಳಿಯಿತು. ಅಜ್ಜಿಯ ಪೆಟ್ಟಿಗೆಯ ಒಡವೆಯ ಹಾಗೆ ಸಾವಿರಾರು ವರ್ಷ ತಾಯಿಯಿಂದ ಮಗಳಿಗೆ ದಾಟಿ ಬಂದಿದೆ ಅನ್ನಿ.

ನೇಪಾಳದ ಮೇಲಿನ ಮುಸ್ತಾಂಗ್ ಕೂಡ ಟಿಬೆಟಿಯನ್ ಮೂಲದವರದೇ ನಾಡು. ಅಲ್ಲಿ ಸಿಂಥಿಯಾ ಬೀಲ್ ಎಂಬ ಸಂಶೋಧಕಿಯ ತಂಡ 417 ಹೆಂಗಸರನ್ನು ಪರೀಕ್ಷಿಸಿ 2024ರಲ್ಲಿ ಬರೆದಿದೆ. ಯಾರ ರಕ್ತದಲ್ಲಿ ಹಿಮೋಗ್ಲೋಬಿನ್ ತೀರಾ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಹದವಾಗಿದ್ದು, ಅದು ಹೊರುವ ಆಮ್ಲಜನಕ ಮಾತ್ರ ಹೆಚ್ಚಾಗಿತ್ತೋ, ಅಂಥವರಿಗೆ ಜೀವಂತ ಹುಟ್ಟಿದ ಮಕ್ಕಳು ಹೆಚ್ಚು.

ಅಂದರೆ ಎತ್ತರಕ್ಕೆ ಅವರ ಮೈ ಎಂದೋ ಉತ್ತರ ಕೊಟ್ಟುಬಿಟ್ಟಿತ್ತು. ಹಾಗಿದ್ದರೆ ಆ ಅಜ್ಜಿಯ ನಾಲ್ಕು ಒಡಹುಟ್ಟಿದವರು ಯಾಕೆ ಉಳಿಯಲಿಲ್ಲ?

(ಇಲ್ಲೇ ಒಂದು ಮಾತು. ಈಗ ಎಲ್ಲರೂ ಲೇಹ್-ಲಡಾಖ್ ಪ್ರವಾಸ ಹೊರಡುತ್ತಾರೆ. ಲೇಹ್ ಸುಮಾರು 3,500 ಮೀಟರ್. ನೀವು ಬಸುರಿಯಾಗಿದ್ದರೆ, ಟಿಕೆಟ್ ಬುಕ್ ಮಾಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಆ ಒಡವೆ ನಮ್ಮ ಪೆಟ್ಟಿಗೆಯಲ್ಲಿಲ್ಲ.)

ಕುರಿದೊಡ್ಡಿಯ ಹೆರಿಗೆ

ಹಳ್ಳಿಗಾಡಿನ ಟಿಬೆಟ್‌ನಲ್ಲಿ ಹೆರಿಗೆ ಎಂದರೆ ‘ಡಿಬ್’. ನಮ್ಮ ಮೈಲಿಗೆ, ಪುರುಡು ಇದ್ದ ಹಾಗೆ. ಹೆರಿಗೆಯ ರಕ್ತ ಬಿದ್ದರೆ ಮನೆಯ ದೇವತೆ, ಒಲೆಯ ದೇವತೆ ಮುನಿಯುತ್ತಾರೆ ಎಂಬ ಭಯ. ಹಾಗಾಗಿ ನೋವು ಬಂದ ಹೆಂಗಸು ಅನೇಕ ಕಡೆ ದನಕುರಿಯ ಕೊಟ್ಟಿಗೆಗೆ ಹೋಗುತ್ತಿದ್ದಳು, ಅಲೆಮಾರಿಗಳಾದರೆ ಗುಡಾರದ ಹೊರಗೆ. ಜೊತೆಗೆ ಅತ್ತೆಯೋ, ತಾಯಿಯೋ, ಕೆಲವು ಕಡೆ ಗಂಡನೋ ಇರುತ್ತಿದ್ದರು. ಯಾರೂ ಇಲ್ಲದೆ ಒಬ್ಬಳೇ ಹೆತ್ತು, ಹೊಕ್ಕುಳಬಳ್ಳಿಯನ್ನು ತಾನೇ ಕೊಯ್ದುಕೊಂಡವರೂ ಕಡಿಮೆಯೇನಲ್ಲ. ಕೊಯ್ಯಲು ಕೈಗೆ ಸಿಕ್ಕ ಚಾಕು. ಬಸುರಿಯಾದದ್ದನ್ನೂ ಬೇಗ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಜನರ ಕಣ್ಣು, ಅದರ ಹಿಂದೆ ದೆವ್ವ. ಹೊರಗಿನವರು ಹೆರಿಗೆಗೆ ಬಂದರಂತೂ ಅವರ ಬೆನ್ನಿಗೇ ಕೆಟ್ಟ ಗಾಳಿ ಬರುತ್ತದೆಂಬ ನಂಬಿಕೆ.

ಇಲ್ಲಿ ನನಗೆ ನಮ್ಮ ಸೂಲಗಿತ್ತಿ ನರಸಮ್ಮ ನೆನಪಾದರು. ಪಾವಗಡದ ಕಡೆಯ ಆ ತಾಯಿ ಒಂದು ಪೈಸೆ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ನಮ್ಮಲ್ಲಿ ಊರಿಗೊಬ್ಬ ಸೂಲಗಿತ್ತಿ ಇದ್ದಳು, ಎಷ್ಟೇ ಹೊತ್ತಾಗಲಿ ಎದ್ದು ಬರುತ್ತಿದ್ದಳು. ಟಿಬೆಟ್‌ನ ಹಳ್ಳಿಗಳಲ್ಲಿ ಸೂಲಗಿತ್ತಿ ಎಂಬ ಕಸುಬೇ ಇರಲಿಲ್ಲ ಎನ್ನಬಹುದು. ಹೀಗೆ ಕೈಹಿಡಿಯುವವರ ಪರಂಪರೆಯೇ ಇಲ್ಲದ ನಾಡುಗಳು ಜಗತ್ತಿನಲ್ಲಿ ಬಹಳ ಇಲ್ಲ. ಇನ್ನೂ ಸೋಜಿಗವೆಂದರೆ, ಬಸುರಿನ ವಿದ್ಯೆಯಲ್ಲಿ ಅವರು ಹಿಂದುಳಿದವರೇನಲ್ಲ. ‘ಗ್ಯು ಶಿ’ ಎಂಬ ಅವರ ವೈದ್ಯಗ್ರಂಥ ಗರ್ಭದ ಬೆಳವಣಿಗೆಯನ್ನು 38 ವಾರಗಳಾಗಿ ವಿಂಗಡಿಸಿ ಹೇಳುತ್ತದೆ. ಮೊದಲು ಮೀನು, ಆಮೇಲೆ ಆಮೆ, ಆಮೇಲೆ ಹಂದಿ, ಹೀಗೆ ರೂಪ ಬದಲಾಯಿಸುತ್ತಾ ಮನುಷ್ಯರೂಪಕ್ಕೆ ಬರುತ್ತದಂತೆ (ನಮ್ಮ ದಶಾವತಾರ ಕಣ್ಣಿಗೆ ಕಟ್ಟಲಿಲ್ಲವೇ?). ಹದಿನೇಳನೇ ಶತಮಾನದಲ್ಲಿ ಅದನ್ನೆಲ್ಲ ಬಣ್ಣದ ಪಟಗಳಲ್ಲಿ ಬರೆಸಿಟ್ಟಿದ್ದಾರೆ. ಪಟ ಗೋಡೆಯ ಮೇಲಿತ್ತು, ಬಸುರಿ ಕೊಟ್ಟಿಗೆಯಲ್ಲಿದ್ದಳು.

ಹಾಗೆಂದು ಅವರ ಆಚಾರವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಬಾಣಂತಿಗೆ ಎಲುಬಿನ ಬಿಸಿ ಸಾರು, ಬೆಣ್ಣೆ, ಬೆಚ್ಚಗೆ ಮಾಡಿದ ಬಾರ್ಲಿಯ ಮದ್ಯ ‘ಛಾಂಗ್’ ಕೊಟ್ಟು ಉಪಚರಿಸುತ್ತಾರೆ. ಮದ್ಯ ಒಂದನ್ನು ಬಿಟ್ಟರೆ ಉಳಿದದ್ದು ನಮ್ಮ ಬಾಣಂತನದ ಹಾಗೆಯೇ. ಕೂಸಿನ ನಾಲಿಗೆಯ ಮೇಲೆ ಕೇಸರಿಯಿಂದ ‘ಧೀಃ’ ಎಂದು ಬರೆಯುತ್ತಾರೆ, ಬುದ್ಧಿಯ ದೇವತೆ ಮಂಜುಶ್ರೀಯ ಬೀಜಾಕ್ಷರವದು. ಗಂಡಾದರೆ ಮೂರನೇ ದಿನ, ಹೆಣ್ಣಾದರೆ ನಾಲ್ಕನೇ ದಿನ ‘ಪಾಂಗ್‌ಸೈ’ ಎಂಬ ಮೈಲಿಗೆ ಕಳೆಯುವ ಶಾಸ್ತ್ರ. ಆವತ್ತು ನೆಂಟರಿಷ್ಟರು ಬೆಣ್ಣೆ, ಹುರಿದ ಬಾರ್ಲಿಹಿಟ್ಟು ತರುತ್ತಾರೆ. ಕೂಸನ್ನು ಹೊರಗೆ ಕರೆದೊಯ್ಯುವಾಗ ಮೂಗಿಗೆ ಮಸಿ ಬಳಿಯುತ್ತಾರೆ, ನಮ್ಮ ದೃಷ್ಟಿಬೊಟ್ಟು! ಅಲೆಮಾರಿ ತಾಯಂದಿರು ಕೂಸನ್ನು ಕುರಿತೊಗಲಿನ ಚೀಲದಲ್ಲಿಟ್ಟು, ಕೆಳಗೆ ಒಣಗಿದ ಕುರಿಹಿಕ್ಕೆಯ ಪುಡಿಯನ್ನು ಬೆಚ್ಚಗೆ ಮಾಡಿ ಹರಡುತ್ತಾರೆ. ಒದ್ದೆ ಹೀರಿಕೊಳ್ಳುವ ಡೈಪರ್ ಅದು. ಕೊರೆಯುವ ಚಳಿಯಲ್ಲಿ ಆ ಉಪಾಯ ಹೊಳೆದವರಿಗೆ ಕೈ ಮುಗಿಯಬೇಕು.

ಎರಡು ಪದ್ಧತಿಗಳು ಮಾತ್ರ ನನಗೆ ಹಿಡಿಸಲಿಲ್ಲ. ಎಳೆಗೂಸಿಗೆ ಹುಟ್ಟಿದ ಕೆಲದಿನಕ್ಕೇ ಬೆಣ್ಣೆ, ಬಾರ್ಲಿಹಿಟ್ಟಿನ ಗಂಜಿ ಕೊಡುವುದು ಒಂದು. ಚಳಿಗೆ ಹೆದರಿ ಕೂಸನ್ನು ತಿಂಗಳುಗಟ್ಟಲೆ ಸುತ್ತಿಟ್ಟು ಒಳಗೇ ಇಡುವುದು ಇನ್ನೊಂದು. ಅಷ್ಟು ಬಿಸಿಲಿನ ನಾಡಿನಲ್ಲಿ ಮಕ್ಕಳ ಮೂಳೆ ಮೆದುವಾಗುವ ರಿಕೆಟ್ಸ್ ಇತ್ತು ಎಂದರೆ ನಂಬುತ್ತೀರಾ? 2001ರಲ್ಲಿ ನ್ಯಾನ್ಸಿ ಹ್ಯಾರಿಸ್ ಎಂಬ ವೈದ್ಯೆ ಮತ್ತು ಸಂಗಡಿಗರು ಟಿಬೆಟ್‌ನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ವರದಿ ಹೊರತಂದರು. ಅರ್ಧದಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಬೆಟ್ಟದವರು ಕುಳ್ಳರೇ ಇರುತ್ತಾರೆ ಎಂದುಕೊಂಡು ಸುಮ್ಮನಿದ್ದವರಿಗೆ ಅವರು ಹೇಳಿದ್ದು, ಇದು ಎತ್ತರದ ತಪ್ಪಲ್ಲ, ಅಪೌಷ್ಟಿಕತೆಯ ಫಲ ಎಂದು.

ಮೊದಲ ಒಂದು ಗಂಟೆ

ಮಗು ಹುಟ್ಟಿತು, ಮಾಸು ಬಿತ್ತು, ಸದ್ಯ ಗೆದ್ದೆವು ಎಂದು ನಾವು ನಿಟ್ಟುಸಿರು ಬಿಡುತ್ತೇವಲ್ಲ, ನಿಜವಾದ ಗಂಡಾಂತರ ಶುರುವಾಗುವುದು ಆಗಲೇ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಾಗಿ ಮುಚ್ಚಿಕೊಂಡರೆ ರಕ್ತನಾಳಗಳ ಬಾಯಿ ಕಟ್ಟುತ್ತದೆ. ಮೆತ್ತಗೇ ಉಳಿದರೆ ನಲ್ಲಿ ತೆರೆದಿಟ್ಟ ಹಾಗೆ. ಕೊಟ್ಟಿಗೆಯ ಕತ್ತಲಲ್ಲಿ, ಹುಲ್ಲಿನ ಮೇಲೆ, ಎಷ್ಟು ಹೋಯಿತೆಂದು ಅಳೆಯುವವರು ಯಾರು? ಆಸ್ಪತ್ರೆ ಒಂದು ದಿನದ ಹಾದಿ, ನಡುವೆ ಹಿಮ. ಟಿಬೆಟ್‌ನಲ್ಲಿ ತಾಯಂದಿರ ಜೀವ ತೆಗೆದ ಕಾರಣಗಳಲ್ಲಿ ಈ ರಕ್ತಸ್ರಾವದ್ದೇ ದೊಡ್ಡ ಪಾಲು. ಬೇರೆಡೆಯೂ ಅಷ್ಟೇ ಅನ್ನಿ.

ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ಫ್ರಿಜ್‌ನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ಗುಡಾರದಲ್ಲಿ ಎರಡೂ ಇಲ್ಲ. ಮಿಸೊಪ್ರಾಸ್ಟಾಲ್ ಎಂಬ ಮಾತ್ರೆಗೆ ಆ ತಾಪತ್ರಯವಿಲ್ಲ, ನುಂಗಿದರಾಯಿತು. ಟಿಬೆಟ್‌ನ ವೈದ್ಯರ ಬಳಿಯೂ ‘ಶಿಜೆ ಚುಚಿಕ್’ ಎಂಬ ಹನ್ನೊಂದು ಪದಾರ್ಥಗಳ ಸಾಂಪ್ರದಾಯಿಕ ಔಷಧವಿತ್ತು, ಹೆರಿಗೆಯ ಹೊತ್ತಿನಲ್ಲಿ ಕೊಡುವಂಥದ್ದು. ಯಾವುದು ಮೇಲು? ಲ್ಹಾಸಾದ ಆಸ್ಪತ್ರೆಗಳಲ್ಲಿ 960 ಹೆಂಗಸರು ಒಪ್ಪಿ ಪರೀಕ್ಷೆಗೆ ಸೇರಿದರು. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. 2009ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಅತಿಯಾದ ರಕ್ತಸ್ರಾವ ಕಡಿಮೆಯಾಗಿತ್ತು, ಆದರೆ ನಡುಕ, ಜ್ವರ ಹೆಚ್ಚು ಕಂಡಿತ್ತು. ತೀರಾ ಗಂಭೀರವಾದ ರಕ್ತಸ್ರಾವದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಊರಿನ ಔಷಧವನ್ನು ಹೀಯಾಳಿಸದೆ, ತಲೆಯ ಮೇಲೆ ಹೊತ್ತು ಮೆರೆಸದೆ, ಪಕ್ಕದಲ್ಲಿಟ್ಟು ತೂಗಿ ನೋಡಿದ್ದು ನನಗೆ ಬಹಳ ಹಿಡಿಸಿತು.

ಈಗ ಕೇಳಿ, ನಮ್ಮ ಹೆಮ್ಮೆಯ ಸಂಗತಿ. ಇದೇ ಮಾತ್ರೆಯ ಇನ್ನೊಂದು ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ! ಅಲ್ಲಿನ ಜೆ.ಎನ್. ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ವೈದ್ಯರೊಡನೆ ಸೇರಿ 1,620 ಬಾಣಂತಿಯರಲ್ಲಿ ಇದನ್ನು ನೋಡಿದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ಎಎನ್ಎಂ ಸಿಸ್ಟರ್‌ಗಳು. ಸುಳ್ಳು ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವವಾದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಆರು ಚಿಲ್ಲರೆ. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2006ರಲ್ಲಿ ಇದು ಪ್ರಕಟವಾಯಿತು. ರಕ್ತ ಎಷ್ಟು ಹೋಯಿತೆಂದು ಅಂದಾಜಿನ ಮೇಲೆ ಹೇಳುವುದು ಬೇಡವೆಂದು, ಬಾಣಂತಿಯ ಕೆಳಗೆ ಹಾಸಲು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನೂ ಅಲ್ಲಿ ಬಳಸಿದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಬೆಳಗಾವಿಯ ಒಬ್ಬ ಹೆಂಗಸಿಗೂ ಲ್ಹಾಸಾದ ಒಬ್ಬ ಹೆಂಗಸಿಗೂ ಪರಿಚಯವಿಲ್ಲ, ಇಬ್ಬರೂ ಒಂದೇ ಮಾತ್ರೆಯ ಲೋಟ ಹಿಡಿದಿದ್ದರು ಎನ್ನುವುದನ್ನು ನೆನೆದರೆ ನನಗೇನೋ ರೋಮಾಂಚನವಾಗುತ್ತದೆ.

ದಯವಿಟ್ಟು ಗಮನಿಸಿ. ಈ ಮಾತ್ರೆಯನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗುವಂತಿಲ್ಲ. ಮಗು ಹೊರಬರುವ ಮೊದಲು ತಪ್ಪು ಪ್ರಮಾಣದಲ್ಲಿ ತೆಗೆದುಕೊಂಡರೆ ಗರ್ಭಕೋಶವೇ ಹರಿಯಬಹುದು. ಬಲ್ಲವರ ಕೈಯಲ್ಲಷ್ಟೇ ಅದು ಔಷಧ.

ಕೊಟ್ಟಿಗೆಯಿಂದ ಆಸ್ಪತ್ರೆಗೆ

1990ರ ದಶಕದ ಕೊನೆಗೆ ಆರ್ಲೀನ್ ಸೇಮನ್ ಎಂಬ ಅಮೆರಿಕದ ನರ್ಸ್ ‘ಒನ್ ಹಾರ್ಟ್’ ಎಂಬ ಸಂಸ್ಥೆ ಕಟ್ಟಿ, ಲ್ಹಾಸಾ ಬಳಿಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಡಲು ಹೊರಟರು. ಆಗ ಅಲ್ಲಿ ಬಹುತೇಕ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಮುಂದೆ ಆ ಸಂಸ್ಥೆ ಟಿಬೆಟ್ ಬಿಟ್ಟು ನೇಪಾಳಕ್ಕೆ ಬಂತು. ಟಿಬೆಟಿಯನ್ ಮೂಲದವರೇ ಇರುವ, ರಸ್ತೆಯೇ ತಲುಪದ ಹಳ್ಳಿಗಳಿರುವ ಡೋಲ್ಪಾ ಜಿಲ್ಲೆಯಲ್ಲೂ ಕೆಲಸ ಮಾಡಿತು.

ಟಿಬೆಟ್‌ನಲ್ಲಿ ಚೀನಾ ಸರ್ಕಾರ ಆಸ್ಪತ್ರೆ ಹೆರಿಗೆಯನ್ನು ಉಚಿತ ಮಾಡಿತು. ಬಂದ ಬಸುರಿಗೆ ದುಡ್ಡು ಕೊಟ್ಟಿತು, ಅವಳನ್ನು ಕರೆತಂದವರಿಗೂ ಕೊಟ್ಟಿತು. 2021ರಲ್ಲಿ ಅದು ಹೊರಡಿಸಿದ ಶ್ವೇತಪತ್ರದ ಪ್ರಕಾರ ಒಂದು ಲಕ್ಷ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ 48ಕ್ಕೆ, ಸಾವಿರಕ್ಕೆ ಸಾಯುವ ಶಿಶುಗಳ ಸಂಖ್ಯೆ 7.6ಕ್ಕೆ ಇಳಿದಿದೆ. ಹೊರಗಿನವರು ಹೋಗಿ ತಾಳೆ ನೋಡುವ ಸ್ವಾತಂತ್ರ್ಯ ಅಲ್ಲಿಲ್ಲದ್ದರಿಂದ ಈ ಅಂಕಿಗಳನ್ನು ಸರ್ಕಾರದ ಮಾತು ಎಂದೇ ಓದಿಕೊಳ್ಳಬೇಕು. ಆದರೂ ದಾರಿ, ಗಾಡಿ, ಆಸ್ಪತ್ರೆ ಬಂದರೆ ಜೀವ ಉಳಿಯುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮೊದಮೊದಲು ಹೆಂಗಸರು ಆಸ್ಪತ್ರೆಗೆ ಬರಲು ಒಪ್ಪುತ್ತಿರಲಿಲ್ಲವಂತೆ. ಕಾರಣ ಬರೀ ದೆವ್ವದ ಭಯವಲ್ಲ. ಆಸ್ಪತ್ರೆಯಲ್ಲಿ ಚಳಿ, ಬಾಣಂತಿಗೆ ಆಗದ ಚಳಿ. ಗೊತ್ತಿಲ್ಲದವರ ಎದುರು ಬಟ್ಟೆ ಬಿಚ್ಚಬೇಕು. ಮಾತಾಡಿಸುವ ರೀತಿ ಒರಟು. ಇದನ್ನು ಓದಿದಾಗ ನನಗೆ ನನ್ನ ಮೊದಲ ಹೆರಿಗೆಯೇ ಕಣ್ಣ ಮುಂದೆ ಬಂತು. ಲೇಬರ್ ವಾರ್ಡಿನ ಬಾಗಿಲು ಅಮ್ಮನ ಮುಖದ ಮೇಲೆ ದಢಾರನೆ ಮುಚ್ಚಿತ್ತು. ಒಳಗೆ ಹನ್ನೊಂದು ತಾಸು ಒಬ್ಬಳೇ. ನೋವಿಗೆ ಕಿರುಚಿದರೆ ‘ಈಗ ಕೂಗಿ ಏನ್ ಮಾಡ್ತೀಯ, ಸುಮ್ನಿರು’ ಎಂಬ ಗದರಿಕೆ. ಕುರಿದೊಡ್ಡಿಯ ಆ ತಾಯಿಗೂ ನನಗೂ ಇದ್ದ ವ್ಯತ್ಯಾಸ ಟ್ಯೂಬ್‌ಲೈಟ್ ಒಂದೇ ಅನ್ನಿಸಿತು. ಅದು ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ನನಗೆ ರಕ್ತ ಬೇಕಾದಾಗ ರಕ್ತ ಸಿಕ್ಕಿತು. ಅವಳಿಗೆ ಸಿಗುತ್ತಿರಲಿಲ್ಲ.

ಈಗ ನಿಮಗೊಂದು ಅನುಕೂಲವಿದೆ. ಹೆರಿಗೆಯ ಹೊತ್ತಿನಲ್ಲಿ ಬಸುರಿಯ ಜೊತೆ ಒಬ್ಬರು ಇರಲು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಎಂಟನೇ ತಿಂಗಳ ಚೆಕಪ್ಪಿಗೆ ಹೋದಾಗಲೇ ‘ಜೊತೆಗೆ ನಮ್ಮಮ್ಮ ಇರಬಹುದಾ?’ ಎಂದು ಬಾಯಿಬಿಟ್ಟು ಕೇಳಿ. ಖಾಸಗಿ ಆಸ್ಪತ್ರೆಯಾದರೂ ಕೇಳಿ. ನಾನು ನನ್ನ ನಾದಿನಿಗೆ ಕೇಳಿಸಿದೆ, ಸ್ವಲ್ಪ ಗೊಣಗಿ ಒಪ್ಪಿದರು.

ನಮ್ಮ ಅಂಗಳದಲ್ಲಿ

ಟಿಬೆಟ್ ಎಲ್ಲೋ ಇದೆ ಎಂದುಕೊಳ್ಳಬೇಡಿ. 2023ರ ಜುಲೈನಲ್ಲಿ ತುಮಕೂರು ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನು ಹಸುಗೂಸಿನ ಜೊತೆ ಊರ ಹೊರಗಿನ ಗುಡಿಸಲಿನಲ್ಲಿಟ್ಟಿದ್ದರು. ಮಳೆ, ಚಳಿ. ಕೂಸು ತೀರಿಹೋಯಿತು. ಪೇಪರಿನಲ್ಲಿ ಓದಿದ್ದು ನೆನಪಿರಬಹುದು. ಎತ್ತರವೂ ಇಲ್ಲ, ಹಿಮವೂ ಇಲ್ಲ, ಆಸ್ಪತ್ರೆಯೂ ದೂರವಿರಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿ, ಎದುರು ಸೈಟಿನಲ್ಲಿ ಮನೆ ಕಟ್ಟುವ ಕೂಲಿಯವನ ಹೆಂಡತಿ, ಇವರಲ್ಲಿ ಯಾರಾದರೂ ಬಸುರಿ ಇದ್ದರೆ ಒಂದು ಮಾತು ಕೇಳಿ, ‘ತಾಯಿ ಕಾರ್ಡ್ ಮಾಡಿಸಿದ್ದೀಯಾ? ರಕ್ತ ಪರೀಕ್ಷೆ ಆಯ್ತಾ?’ ಎಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಮೈಯಲ್ಲಿ ರಕ್ತವೇ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೋದರೂ ಅಪಾಯವೇ. ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ‘ವಾಂತಿ ಬರುತ್ತೆ ಅಕ್ಕಾ’ ಎಂದು ಡಬ್ಬಿಯಲ್ಲಿಟ್ಟಿರುತ್ತಾರೆ. ಊಟವಾದ ಮೇಲೆ, ನಿಂಬೆಹಣ್ಣಿನ ಪಾನಕದ ಜೊತೆ ನುಂಗಲು ಹೇಳಿ. ಕಾಫಿ, ಟೀ ಜೊತೆ ಬೇಡ.

ಬಾಣಂತಿ ಮನೆಗೆ ಬಂದ ಮೇಲೂ ಕಣ್ಣಿಡಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದು ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಲೆಸುತ್ತು, ಎದೆ ಡವಡವ, ಮೈ ತಣ್ಣಗೆ ಬೆವರುವುದು ಕಂಡರೆ ‘ಬಾಣಂತಿಗೆ ಹೋಗಲೇಬೇಕು, ಕೆಟ್ಟ ರಕ್ತ’ ಎಂಬ ಹಿರಿಯರ ಮಾತಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೆರಿಗೆಯಾಗಿ ವಾರ ಎರಡು ವಾರ ಕಳೆದಿದ್ದರೂ ಅಷ್ಟೇ.

ಕೂಸಿಗೆ ಬೇಕಾದದ್ದು ಬಿಸುಪು. ಹುಟ್ಟಿದೊಡನೆ ಒರೆಸಿ ತಾಯಿಯ ಬರಿ ಎದೆಯ ಮೇಲೆ ಹಾಕಿ, ಮೇಲೆ ಬಟ್ಟೆ ಹೊದಿಸಬೇಕು, ತಲೆಗೆ ಟೋಪಿ. ಸ್ನಾನಕ್ಕೆ ಒಂದು ದಿನವಾದರೂ ತಡೆಯಿರಿ, ಅವಸರವೇನಿಲ್ಲ. ಮೊದಲ ಗಂಟೆಯಲ್ಲೇ ಎದೆಹಾಲು. ಆ ಹಳದಿ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವ ಅತ್ತೆಯಂದಿರು ಇನ್ನೂ ಇದ್ದಾರೆ, ಪ್ರೀತಿಯಿಂದಲೇ ತಡೆಯಿರಿ. ಜೇನುತುಪ್ಪ, ಸಕ್ಕರೆ ನೀರು, ಬೆಣ್ಣೆ ಯಾವುದೂ ಬೇಡ. ಆರು ತಿಂಗಳು ತಾಯಿಹಾಲೊಂದೇ ಸಾಕು. ನಾಲಿಗೆಯ ಮೇಲೆ ಓಂ ಬರೆಯಲೇಬೇಕೆಂದು ಹಿರಿಯರು ಹಟ ಹಿಡಿದರೆ? ನಮ್ಮ ಮನೆಯಲ್ಲಿ ತಾಯಿಹಾಲಿನಲ್ಲೇ ಬರೆಯಿಸಿದೆವು. ಯಾರಿಗೂ ಬೇಸರವಾಗಲಿಲ್ಲ.

ಅಂದಹಾಗೆ, ನಾದಿನಿಗೆ ಹೆಣ್ಣುಮಗು. ಎರಡು ಮುಕ್ಕಾಲು ಕೆಜಿ. ಸಂಕ್ರಾಂತಿಗೆ ಮುಂಚೆ ಸ್ವೆಟರ್ ಅಂಗಡಿಯ ಅಜ್ಜಿಗೆ ಸುದ್ದಿ ಹೇಳೋಣವೆಂದು ಹೋದೆ. ಗಂಟು ಕಟ್ಟುತ್ತಿದ್ದರು, ಮರುದಿನ ಬೈಲಕುಪ್ಪೆಗೆ ಹೊರಟವರು. ‘ಹೆರಿಗೆ ಹೊತ್ತಲ್ಲಿ ಹತ್ರ ಯಾರಿದ್ರು?’ ಎಂದು ಮೊದಲು ಕೇಳಿದರು. ಅವಳಮ್ಮ ಇದ್ದರು ಎಂದೆ. ತಲೆಯಾಡಿಸಿ, ಗಂಟು ಬಿಚ್ಚಿ ಇನ್ನೊಂದು ಟೋಪಿ ತೆಗೆದು ಕೈಗಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ತಂದು ಹಾಕಿ ನೋಡಿದರೆ ಕೂಸಿನ ಮೂಗಿನವರೆಗೂ ಇಳಿಯಿತು. ಬರುವ ಚಳಿಗಾಲಕ್ಕೆ ಸರಿಹೋಗುತ್ತದೆ ಎಂದು ನಾದಿನಿ ಬೀರುವಿನಲ್ಲಿ ಎತ್ತಿಟ್ಟಿದ್ದಾಳೆ.